ನಾನು ನೀಲಗಂಗಾ ಆದದ್ದು

ದುಂಡಸಿಯ ನಮ್ಮ ಮನೆಯಲ್ಲಿ ದಿನವಿಡೀ ಕೇಳುತ್ತಿದ್ದ ಹೆಸರು ನನ್ನದು. ಅಡುಗೆಮನೆಯ ಹೊಗೆಯೊಳಗಿಂದ, ಹಿತ್ತಲಿನ ಬಚ್ಚಲಿನಿಂದ, ಪಡಸಾಲೆಯ ಕೆಳಗೆ ದನ ಕಟ್ಟುವ ಜಾಗದಿಂದ ಅವ್ವ ನನ್ನನ್ನು ಕೂಗುತ್ತಲೇ ಇರುತ್ತಿದ್ದಳು. ಅವಳ ದನಿ ಗಟ್ಟಿ. ಓಣಿಯ ತುದಿಯಲ್ಲಿ ಕುಂಟಾಟ ಆಡುತ್ತಿದ್ದರೂ ಅದು ಬಂದು ನನ್ನ ಜಡೆ ಹಿಡಿದು ಎಳೆಯುತ್ತಿತ್ತು.

“ಏ ಶಾಂತಾ, ಎಲ್ಲಿ ಹಾಳಾಗಿ ಹೋದಿ? ಕರ ಬಿಚ್ಕೊಂಡು ಹಾಲೆಲ್ಲಾ ಕುಡ್ಯಾಕತ್ತೈತಿ, ನಿನ್ನ ಕಣ್ಣು ಎಲ್ಲದಾವು?”

ಕರ ಬಿಚ್ಚಿಕೊಂಡರೂ ಶಾಂತಾ, ರೊಟ್ಟಿ ಹೊತ್ತಿದರೂ ಶಾಂತಾ, ಬೆಕ್ಕು ಬೆಣ್ಣೆಗೆ ಬಾಯಿ ಹಾಕಿದರೂ ಶಾಂತಾ. ಅದೇ ಮನೆಯಲ್ಲಿ ನನ್ನ ವಾರಿಗೆಯ ಇನ್ನೊಬ್ಬ ಹುಡುಗಿ ಇದ್ದಳು. ನನಗಿಂತ ಏಳು ತಿಂಗಳು ಚಿಕ್ಕವಳು, ನನ್ನ ಸೋದರತ್ತೆಯ ಮಗಳು. ಅತ್ತೆಯನ್ನು ಮಾಸೂರಿಗೆ ಕೊಟ್ಟಿದ್ದರು. ಅಲ್ಲಿ ಅವಳು ಜ್ವರ ಬಂದು ತೀರಿಕೊಂಡಾಗ ನಾಲ್ಕು ವರ್ಷದ ಈ ಮಗುವನ್ನು ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಕರೆತಂದ. ಅವಳನ್ನು ಮಾತ್ರ ನಮ್ಮ ಮನೆಯಲ್ಲಿ ಯಾರೂ ಹೆಸರು ಹಿಡಿದು ಕೂಗುತ್ತಿರಲಿಲ್ಲ. ಏಕೆಂದರೆ ಅವಳ ಹೆಸರು ನೀಲಗಂಗಾ, ಮತ್ತು ಅದು ನನ್ನ ಅಪ್ಪನ ತಾಯಿಯ ಹೆಸರು. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಲ್ಲಿ ತರಬಾರದು ಎಂಬ ರೂಢಿ ಆಗ ನಮ್ಮ ಕಡೆ ಗಟ್ಟಿಯಾಗಿತ್ತು. ಹೆಸರಿನ ಅರ್ಧ ಭಾಗವನ್ನೂ ಅವ್ವ ಆಡುತ್ತಿರಲಿಲ್ಲ. ನೀಲಿ ಸೀರೆಗೆ ಆಕಾಶದ ಬಣ್ಣದ ಸೀರೆ ಎನ್ನುತ್ತಿದ್ದಳು. ಹಾಗಾಗಿ ಆ ಹುಡುಗಿ ಸಣ್ಣಾಯಿ ಆದಳು. ಆಯಿಯ ಹೆಸರು ಹೊತ್ತವಳಿಗೆ ಬೈದರೆ ಆಯಿಗೇ ಬೈದಂತಾಗುತ್ತದೆ ಎಂದು ಅವ್ವ ಅವಳಿಗೆ ಏರುದನಿಯಲ್ಲಿ ಒಂದು ಮಾತೂ ಹೇಳುತ್ತಿರಲಿಲ್ಲ.

“ಸಣ್ಣಾಯಿ, ಕೈ ತೊಳಕೊಂಡು ಬಾರವ್ವಾ, ರೊಟ್ಟಿ ಆರಾಕತ್ತಾವು.”

ಅದೇ ಬಾಯಿ, ಅದೇ ಒಲೆಯ ಮುಂದೆ ಕುಳಿತು. ನಾನು ಕೈ ತೊಳೆಯದೆ ಬಂದರೆ ಬೆನ್ನಿಗೆ ಏಟು. ಅವಳು ತೊಳೆಯದೆ ಬಂದರೆ ಅವ್ವನೇ ತಂಬಿಗೆ ಹಿಡಿದು ಎದ್ದು ಹೋಗುತ್ತಿದ್ದಳು. ಊಟಕ್ಕೆ ನಾವಿಬ್ಬರೂ ಒಟ್ಟಿಗೆ ಕೂರುತ್ತಿದ್ದೆವು. ಇಬ್ಬರ ತಾಟಿಗೂ ಅಷ್ಟೇ ರೊಟ್ಟಿ, ಅಷ್ಟೇ ಪುಂಡಿಪಲ್ಯ, ಅಷ್ಟೇ ಶೇಂಗಾಹಿಂಡಿ. ಆದರೂ ನನ್ನ ಕಣ್ಣು ಅವಳ ತಾಟಿನಲ್ಲಿ. ಆಯಿ ಪಡಸಾಲೆಯ ಕಂಬಕ್ಕೆ ಒರಗಿ ಕೂತು, ಎಲೆ ಅಡಿಕೆ ಇಡುವ ಬಟ್ಟೆಯ ಚಂಚಿ ಬಿಚ್ಚುತ್ತಿದ್ದಳು. ಸವಣೂರಿನ ಎಲೆಯೇ ಆಗಬೇಕು ಅವಳಿಗೆ. ಎಲೆಯ ತೊಟ್ಟು ಮುರಿಯುವ ಕೆಲಸ ಸಣ್ಣಾಯಿಯದು. ನಾನು ಹತ್ತಿರ ಹೋದರೆ ಆಯಿ ನನಗೂ ಒಂದು ಲವಂಗ ಕೊಡುತ್ತಿದ್ದಳು. ಕೊಟ್ಟು ಮತ್ತೆ ಅವಳ ತಲೆ ನೇವರಿಸುತ್ತಿದ್ದಳು.

“ಇಕಾ ನೋಡು, ನನ್ನ ಹೆಸರು ಇಲ್ಲೆ ಕುಂತೈತಿ. ನಾ ಎಲ್ಲಿಗೆ ಹೋಗ್ತೇನಿ?”

ಆ ಮಾತು ಕೇಳಿದಾಗ ಹೊಟ್ಟೆಯಲ್ಲಿ ಏನೋ ಸುಟ್ಟಂತಾಗುತ್ತಿತ್ತು. ಈ ಮನೆಯ ಮಗನ ಮಗಳು ನಾನು, ಮೊದಲು ಹುಟ್ಟಿದವಳೂ ನಾನೇ. ಆಯಿಯ ಹೆಸರು ನನಗೆ ಬರಬೇಕಿತ್ತು. ಅದು ನನ್ನನ್ನು ದಾಟಿ ಮಾಸೂರಿಗೆ ಹೋಗಿ, ಅಲ್ಲಿಂದ ಈ ಹುಡುಗಿಯ ಜೊತೆ ನಮ್ಮ ಮನೆಗೆ ವಾಪಸು ಬಂದು, ನನ್ನ ಕಣ್ಣ ಮುಂದೆ ಲವಂಗ ತಿನ್ನುತ್ತಿತ್ತು. ತಾಯಿಯಿಲ್ಲದ ಮಗು ಎಂದು ಎಲ್ಲರೂ ಅವಳ ಮೇಲೆ ಮರುಕಪಡುತ್ತಿದ್ದರು. ನನಗೆ ಒಂದು ದಿನವೂ ಮರುಕ ಬರಲಿಲ್ಲ. ಈಗ ಬರೆಯುವಾಗ ಇದನ್ನು ಮುಚ್ಚಿಡಬಾರದು ಅನಿಸುತ್ತದೆ.

ಆ ಹೆಸರಿನ ಮೂಲವನ್ನು ಆಯಿಯೇ ನಮಗೆ ಹೇಳಿದ್ದಳು. ಅವಳ ತವರು ಅಬಲೂರು. ಅವಳ ಅಜ್ಜನಿಗೆ ಇಬ್ಬರು ಹೆಂಡಂದಿರು, ಹಿರಿಯವಳು ನೀಲವ್ವ, ಕಿರಿಯವಳು ಗಂಗವ್ವ. ಒಂದೇ ಮನೆ, ಎರಡು ಒಲೆ. ಒಬ್ಬಳ ಒಲೆಯ ಕೆಂಡವನ್ನು ಇನ್ನೊಬ್ಬಳು ಮುಟ್ಟುತ್ತಿರಲಿಲ್ಲವಂತೆ. ಇಬ್ಬರೂ ಸತ್ತ ಮೇಲೆ ಆ ಮನೆಯಲ್ಲಿ ಹುಟ್ಟಿದ ಮೊದಲ ಹೆಣ್ಣು ಕೂಸು ಆಯಿ. ನೀಲವ್ವನ ಮಕ್ಕಳು ತಮ್ಮ ತಾಯಿಯ ಹೆಸರಿಡಬೇಕೆಂದು ಕುಳಿತರು, ಗಂಗವ್ವನ ಮಕ್ಕಳು ತಮ್ಮ ತಾಯಿಯ ಹೆಸರೇ ಆಗಬೇಕೆಂದರು. ಕೂಸು ತೊಟ್ಟಿಲಲ್ಲಿ ಅಳುತ್ತಿತ್ತು, ಬಂದ ನೆಂಟರು ಉಣ್ಣದೆ ಕಾಯುತ್ತಿದ್ದರು. ಕಡೆಗೆ ಯಾರೋ ಹಿರಿಯರು ಎರಡನ್ನೂ ಸೇರಿಸಿ ಕರೆಯಿರಿ ಎಂದು ಜಗಳ ಮುಗಿಸಿದರು.

“ಬದುಕಿದ್ದಾಗ ಒಬ್ಬರ ಮಾರಿ ಒಬ್ಬರು ನೋಡಿದಾವರಲ್ಲ. ನನ್ನ ಹೆಸರಿನ್ಯಾಗ ಮಾತ್ರ ಮಗ್ಗಲಾ ಮಗ್ಗಲಾ ಕುಂತಾರ,” ಎಂದು ಆಯಿ ನಗುತ್ತಿದ್ದಳು.

ಸತ್ತವರ ಹೆಸರನ್ನು ಮಕ್ಕಳಿಗೆ ಇಡುವುದು ನಮ್ಮಲ್ಲಿನ ಪದ್ಧತಿ. ಆಯಿಗೆ ಅಷ್ಟು ತಾಳ್ಮೆ ಇರಲಿಲ್ಲ. ತನ್ನ ಹೆಸರು ಇನ್ನೊಬ್ಬರ ಮೈಮೇಲೆ ಓಡಾಡುವುದನ್ನು ಕಣ್ಣಾರೆ ನೋಡಬೇಕೆಂದು ಬದುಕಿದ್ದಾಗಲೇ ಇಡಿಸಿದ್ದಳು.

ನಮ್ಮಿಬ್ಬರನ್ನೂ ಒಂದೇ ದಿನ ಶಾಲೆಗೆ ಹಚ್ಚಿದರು. ಬಿತ್ತನೆಯ ಹೊತ್ತು, ಅಪ್ಪ ಹೊಲ ಬಿಟ್ಟು ಬರುವಂತಿರಲಿಲ್ಲ. ನಮ್ಮ ಓಣಿಯ ಈರಪ್ಪಜ್ಜ ತನ್ನ ಮೊಮ್ಮಕ್ಕಳ ಜೊತೆ ನಮ್ಮನ್ನೂ ಕರೆದೊಯ್ದ. ಆತನಿಗೆ ಕಿವಿ ಮಂದ. ನಮ್ಮನ್ನು ಆತ ಇಂಥವರ ಮನೆಯ ಹುಡುಗಿಯರು ಎಂದು ಗುರುತಿಸುತ್ತಿದ್ದನೇ ಹೊರತು ಯಾರು ಯಾರೆಂದು ಗೊತ್ತಿರಲಿಲ್ಲ. ಮಾಸ್ತರರು ಮೇಜಿನ ಮೇಲೆ ದೊಡ್ಡ ದಾಖಲೆ ಪುಸ್ತಕ ತೆರೆದುಕೊಂಡು ಕುಳಿತಿದ್ದರು. ಅಷ್ಟು ಅಗಲದ ಹಾಳೆಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಈರಪ್ಪಜ್ಜನಿಗೆ ಎರಡು ಸಲ ಕೇಳಿ ಸಾಕಾಗಿ, ಅವರು ನನ್ನ ಕಡೆಗೇ ತಿರುಗಿದರು.

“ಹೆಸರೇನವಾ ನಿಂದು?”

ನಾನು ಮೊದಲೇ ಯೋಚಿಸಿರಲಿಲ್ಲ. ಬಾಯಿ ತೆರೆದಾಗ ಅದು ಬಂತು.

“ನೀಲಗಂಗಾ.”

“ತಂದಿ ಹೆಸರು?”

“ಬಸಪ್ಪರಿ.”

ಮಾಸ್ತರರು ಬರೆದುಕೊಂಡರು. ಮಸಿಯ ದೌತಿಯಲ್ಲಿ ಪೆನ್ನು ಅದ್ದಿ, ನಾಲ್ಕು ಅಕ್ಷರ ಬಿಡಿಸಿ, ಊದಿದರು. ನಂತರ ನನ್ನ ಹಿಂದೆ ನಿಂತಿದ್ದ ಸಣ್ಣಾಯಿಯನ್ನು ಮುಂದೆ ಕರೆದು ಅದನ್ನೇ ಕೇಳಿದರು. ಅವಳು ನನ್ನ ಮುಖ ನೋಡಿದಳು. ಈಗ ಅಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದೆ. ಅವಳು ಏನೂ ಅನ್ನಲಿಲ್ಲ. ಮಾಸ್ತರರು ಮತ್ತೊಮ್ಮೆ ಕೇಳಿದಾಗ ನಾನೇ ಹೇಳಿದೆ.

“ಆಕಿ ಶಾಂತಾ ರೀ. ಮಾಸೂರಿನಾಕಿ. ಆಕಿ ತಂದಿ ಹೆಸರು ಫಕ್ಕೀರಪ್ಪ.”

“ಹೌದನವಾ?” ಎಂದು ಮಾಸ್ತರರು ಅವಳನ್ನು ಕೇಳಿದರು. ಸಣ್ಣಾಯಿ ತಲೆಯಾಡಿಸಿದಳು.

ಅದಾದ ಮೇಲೆ ಕೆಲವು ತಿಂಗಳು ನನ್ನ ಬದುಕಿನಲ್ಲೇ ಅತಿ ಸುಖದ ದಿನಗಳು. ಹಾಜರಿ ಕೂಗುವಾಗ ನೀಲಗಂಗಾ ಎಂದ ಕೂಡಲೇ ನಾನು ಎದ್ದು ನಿಲ್ಲುತ್ತಿದ್ದೆ. ಒಂದು ದಿನ ಮಾಸ್ತರರು ಎಲ್ಲರ ಹೆಸರಿನ ಅರ್ಥ ಹೇಳಿದರು. ನೀಲ ಅಂದರೆ ನೀಲಿ, ಗಂಗೆ ಅಂದರೆ ನೀರು, ನೀರು ನೀಲಿಯಾಗಿ ಕಂಡರೆ ಅಲ್ಲಿ ಆಳ ಹೆಚ್ಚು ಎಂದು ತಿಳಿಯಬೇಕು ಎಂದರು. ಹೆಸರಿನ ಅರ್ಥ ಆಳ ಎಂದಾದ ಮೇಲೆ ನಾನು ಕೆಲವು ದಿನ ಯಾರ ಜೊತೆಗೂ ಸಲೀಸಾಗಿ ಮಾತಾಡಲಿಲ್ಲ. ಶಾಂತಾ ಅಂದರೆ ಸುಮ್ಮನಿರುವವಳು ಎಂದಾಗ ಇಡೀ ವರ್ಗ ಸಣ್ಣಾಯಿಯ ಕಡೆ ತಿರುಗಿ ನಕ್ಕಿತು. ಅವಳೂ ನಕ್ಕಳು. ಅದೊಂದೇ ನನಗೆ ಹಿಡಿಸದಿದ್ದದ್ದು. ಕಳಕೊಂಡವರು ಅಳಬೇಕು. ಅವಳು ಅಳುತ್ತಿರಲಿಲ್ಲ, ಮನೆಯಲ್ಲಿ ಯಾರಿಗೂ ಹೇಳಿರಲೂ ಇಲ್ಲ.

ಸುದ್ದಿ ಹೊರಬಿದ್ದದ್ದು ಮಾಸ್ತರರಿಂದಲೇ. ಒಂದು ಸಂಜೆ ಅವರು ಅಪ್ಪನನ್ನು ಹುಡುಕಿಕೊಂಡು ಬಂದರು. ಆಯಿ ಅವರಿಗೆ ಕಂಬಳಿ ಹಾಸಿ ಕೂರಿಸಿದಳು, ಅವ್ವ ಚಹಾ ಇಟ್ಟಳು. ನಾವಿಬ್ಬರೂ ಪಡಸಾಲೆಯಲ್ಲಿ ಪಾಟಿ ಹಿಡಿದು ಕೂತಿದ್ದೆವು.

“ನಿಮ್ಮ ನೀಲಗಂಗಾ ಭಾಳ ಶ್ಯಾಣೆ ಅದಾಳ್ರಿ. ಮಗ್ಗಿ ಎಲ್ಲಾ ಬಾಯಿಪಾಠ,” ಎಂದರು ಮಾಸ್ತರರು.

ಆಯಿಯ ಮುಖ ಅರಳಿತು. ಸಣ್ಣಾಯಿಯನ್ನು ಹತ್ತಿರ ಎಳೆದುಕೊಂಡು ನೆತ್ತಿಗೆ ಮುತ್ತು ಕೊಟ್ಟಳು.

“ಆಕಿ ಅಲ್ರಿ ಅಮ್ಮಾರ, ಆಕಿ ಶಾಂತಾ. ನೀಲಗಂಗಾ ಈಕಿ,” ಎಂದು ಮಾಸ್ತರರು ನನ್ನ ಕಡೆ ಬೆರಳು ಮಾಡಿದರು.

ಅವ್ವ ಅಡುಗೆಮನೆಯ ಬಾಗಿಲಿನಿಂದ ಬಂದು ಚಹಾದ ಬಟ್ಟಲನ್ನು ಮಾಸ್ತರರ ಮುಂದೆ ಇಟ್ಟಳು. ಮಾಸ್ತರರಿಗೆ ಏನೂ ಅರ್ಥವಾಗಲಿಲ್ಲ. ಅವರು ಚಹಾ ಕುಡಿದು ಎದ್ದು ಹೋದರು. ಹೋದ ಮೇಲೆ ಅವ್ವ ನನ್ನ ರಟ್ಟೆ ಹಿಡಿದು ಎಳೆದಳು. ಎರಡು ಏಟು ಬಿದ್ದವು. ಮೂರನೆಯದಕ್ಕೆ ಕೈ ಎತ್ತಿದಾಗ ಆಯಿ ಕಂಬದ ಬಳಿಯಿಂದಲೇ ಹೇಳಿದಳು.

“ಹೊಡಿಬ್ಯಾಡ. ಈಕಿದು ಏನು ತಪ್ಪು? ಆ ಹೆಸರು ಮೊದಲ ಈಕಿಗೇ ಬಂದಿತ್ತು. ಬ್ಯಾಡ ಅಂದಾಕಿ ನೀನು.”

ನಾನು ಅವ್ವನ ಮುಖ ನೋಡಿದೆ. ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಆಯಿಯ ಎದುರು ಅವಳು ನಿಂತು ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಹೌದ್ರಿ ಅತ್ತಿ, ನಾನ ಬ್ಯಾಡ ಅಂದೆ. ನಿಮ್ಮ ಹೆಸರು ಇಟ್ಟಿದ್ದರ ನನ್ನ ಮಗಳನ್ನ ನಾ ಏನಂತ ಕರೀಬೇಕಾಗಿತ್ತು? ಈ ಮನಿಗೆ ಬಂದ ಮ್ಯಾಲ ನಿಮ್ಮ ಹೆಸರು ಹೇಳೂಹಂಗಿಲ್ಲ, ಮಾವನೋರ ಹೆಸರು ಹೇಳೂಹಂಗಿಲ್ಲ, ಗಂಡನ ಹೆಸರಂತೂ ಇಲ್ಲೇ ಇಲ್ಲ. ಒಂದು ಕೂಸಿನ ಹೆಸರರ ಬಾಯ್ತುಂಬ ಕರೀಬೇಕು ಅನಸ್ತು. ಅದು ತಪ್ಪೇನ್ರಿ?”

ಆಯಿ ಚಂಚಿಯನ್ನು ಮಡಚಿ ಪಕ್ಕಕ್ಕಿಟ್ಟಳು. ಅಂದು ಎಲೆ ಅಡಿಕೆ ಹಾಕಿಕೊಳ್ಳಲಿಲ್ಲ. ಆಮೇಲೆ ನನಗೆ ತಿಳಿದದ್ದು ಇಷ್ಟು: ನಾನು ಹುಟ್ಟಿದಾಗ ಆಯಿ ತನ್ನ ಹೆಸರಿಡಲು ಹೇಳಿದ್ದಳು. ಅವ್ವ ಒಪ್ಪದೆ, ಶಿಗ್ಗಾಂವಿಯಿಂದ ಬಂದು ಬಾಣಂತನ ನೋಡಿದ್ದ ನರ್ಸಬಾಯಿಯ ಹೆಸರನ್ನು ನನಗೆ ಇಡಿಸಿದಳು. ಸಿಟ್ಟಾದ ಆಯಿ ಏಳು ತಿಂಗಳು ಕಾದು, ಮಗಳ ಹೆರಿಗೆಯಾದಾಗ ಹೆಸರನ್ನು ಅಲ್ಲಿಗೆ ಕೊಟ್ಟಳು. ಅವ್ವ ಅಂದು ಹೇಳಿದ ಮಾತಿನ ಭಾರ ಆರು ವರ್ಷದ ನನಗೆ ತಿಳಿಯಲಿಲ್ಲ. ತಿಳಿದದ್ದು ಒಂದೇ. ಬಾಗಿಲವರೆಗೆ ಬಂದ ಹೆಸರನ್ನು ಅವ್ವ ಹೊರಗೆ ಕಳಿಸಿದ್ದಾಳೆ.

ಮರುದಿನ ಅಪ್ಪ ಶಾಲೆಗೆ ಹೋದ. ದಾಖಲೆಯಲ್ಲಿ ಹೆಸರು ತಿದ್ದಲು ಶಿಗ್ಗಾಂವಿಗೆ ಹೋಗಿ ಅರ್ಜಿ ಕೊಡಬೇಕು, ಎರಡು ಮೂರು ಸಲ ಅಡ್ಡಾಡಬೇಕಾಗುತ್ತದೆ ಎಂದರಂತೆ ಮಾಸ್ತರರು. ಅಪ್ಪ ಹೊರಡಲು ತಯಾರಿದ್ದ. ಬಸ್ಸಿಗೆ ಹೋಗುವ ಮುಂಚೆ ಸಣ್ಣಾಯಿಯನ್ನು ಕರೆದು, ನಿನ್ನ ಹೆಸರು ನಿನಗೆ ತಂದುಕೊಡುತ್ತೇನೆ ಎಂದು ಸಮಾಧಾನ ಹೇಳಿದ.

“ಬ್ಯಾಡ ಮಾಮಾ, ಇರ್ಲಿ. ಆಕಿಗೆ ಅದು ಬೇಕಾಗೈತಿ. ನನಗ ಶಾಂತಾ ಅಂದ್ರ ಸೇರ್ತೈತಿ,” ಅಂದಳು ಸಣ್ಣಾಯಿ.

ಅಪ್ಪ ಅವಳನ್ನು ಎತ್ತಿಕೊಂಡ, ಬಸ್ಸಿಗೆ ಹೋಗಲಿಲ್ಲ. ಆಯಿ ಕಣ್ಣೊರೆಸಿಕೊಂಡಳು. ಇಷ್ಟು ಸಣ್ಣ ಕೂಸಿಗೆ ಎಂಥ ದೊಡ್ಡ ಮನಸ್ಸು ಎಂದು ಓಣಿಯವರೆಲ್ಲ ಆಡಿಕೊಂಡರು. ನಾನು ಕದ್ದದ್ದನ್ನು ಅವಳು ಒಂದು ಮಾತಿನಲ್ಲಿ ತಾನು ಕೊಟ್ಟದ್ದಾಗಿ ಮಾಡಿಬಿಟ್ಟಳು. ಆ ದಿನದಿಂದ ಅವಳು ನನ್ನನ್ನು ನೀಲಾ ಎಂದೇ ಕರೆದಳು, ತಮಾಷೆಗೂ ಹಳೆಯ ಹೆಸರು ಎತ್ತಲಿಲ್ಲ. ಅವಳು ಹಾಗೆ ಕರೆದಾಗಲೆಲ್ಲ, ಯಾರೋ ಉಟ್ಟು ಕೊಟ್ಟ ಲಂಗ ಹಾಕಿಕೊಂಡಂತೆ ನನಗೆ ಮೈ ಮುದುಡುತ್ತಿತ್ತು. ಹೆಸರು ಬಂದಿತ್ತು, ಉರಿ ಹೋಗಲಿಲ್ಲ. ಮನೆಯಲ್ಲಿ ಅವಳು ಸಣ್ಣಾಯಿಯಾಗಿಯೇ ಉಳಿದಳು. ಎಲೆಯ ತೊಟ್ಟು ಅವಳೇ ಮುರಿದಳು. ಆಯಿ ಕಡೆಯ ಸಲ ಕಣ್ಣು ಮುಚ್ಚುವಾಗ ಹಿಡಿದುಕೊಂಡದ್ದೂ ಅವಳ ಕೈಯನ್ನೇ.

ಮುಂದೆ ನನ್ನನ್ನು ಹಾನಗಲ್ಲ ತಾಲೂಕಿನ ಒಂದು ಊರಿಗೆ ಕೊಟ್ಟರು. ಅವಳು ಮದುವೆಯಾಗಿ ತನ್ನ ತಂದೆಯ ಊರು ಮಾಸೂರಿಗೇ ಹೋದಳು. ಗಂಡನ ಜೊತೆ ಗದ್ದೆಯ ಕೆಲಸ, ಎಮ್ಮೆ, ಮಕ್ಕಳು. ನಾನು ಅಂಗನವಾಡಿ ಟೀಚರ್ ಆದೆ. ನೀಲಗಂಗಾ ಟೀಚರ್ ಎಂದು ಊರಿನವರು ಕರೆಯುವಾಗ ಹೆಮ್ಮೆಯೇ ಆಗುತ್ತಿತ್ತು. ಆಗ ಆ ಹೆಸರಿನವರು ಸುತ್ತಮುತ್ತ ಬೇಕಾದಷ್ಟು ಜನ ಇದ್ದರು. ಹಾನಗಲ್ಲ ಸಂತೆಯಲ್ಲಿ ಯಾರಾದರೂ ನೀಲಗಂಗವ್ವಾ ಎಂದು ಕೂಗಿದರೆ ಮೆಣಸಿನಕಾಯಿ ಮಾರುವವಳೂ ತಿರುಗುತ್ತಿದ್ದಳು, ಬಳೆ ಇಡಿಸಿಕೊಳ್ಳುತ್ತಿದ್ದವಳೂ ತಿರುಗುತ್ತಿದ್ದಳು. ಅವರನ್ನೆಲ್ಲ ನಾನು ಒಂದು ಥರ ನೋಡುತ್ತಿದ್ದೆ. ಕಷ್ಟಪಟ್ಟು ದಕ್ಕಿಸಿಕೊಂಡ ಹೆಸರು ಇವರಿಗೆಲ್ಲ ಸುಮ್ಮನೆ ಸಿಕ್ಕಿದೆಯಲ್ಲ ಎಂದು. ಅಂಗನವಾಡಿಯ ಹಾಜರಿ ಪುಸ್ತಕದಲ್ಲಿ ನಾನು ಬರೆದ ಹೆಸರುಗಳು ಮೊದಮೊದಲು ರೇಣುಕಾ, ಮಂಜುಳಾ, ಸವಿತಾ, ನಂತರ ಪೂಜಾ, ಕಾವ್ಯಾ, ಕಡೆಕಡೆಗೆ ಸಾನ್ವಿ, ಆರಾಧ್ಯಾ. ಕೆಲಸ ಬಿಡುವವರೆಗೂ ಒಂದೇ ಒಂದು ನೀಲಗಂಗಾ ಬರೆಯುವ ಸರದಿ ನನಗೆ ಬರಲಿಲ್ಲ.

ಅವ್ವ ವರ್ಷಕ್ಕೆ ಎರಡು ಸಲ ನನ್ನಲ್ಲಿಗೆ ಬರುತ್ತಿದ್ದಳು. ಬಸ್ಸಿಳಿದು, ಅಂಗನವಾಡಿ ಟೀಚರ್ ಮನೆ ಎಲ್ಲಿ ಎಂದು ಕೇಳುವಳು. ನೀಲಗಂಗಾ ಟೀಚರಾ ಎಂದು ಜನ ಕೇಳಿದರೆ ಗೋಣು ಹಾಕುವಳು, ಅಷ್ಟೇ. ಆಯಿ ಹೋಗಿ ಎಷ್ಟೋ ವರ್ಷವಾದರೂ ಅವ್ವನ ನಾಲಗೆ ಆ ಹೆಸರಿಗೆ ಹೊರಳಲಿಲ್ಲ. ಒಳಗೆ ಬಂದು ಚೀಲ ಇಳಿಸಿ, ಶಾಂತಾ, ನೀರು ಕೊಡು ಎನ್ನುವಳು. ನನ್ನ ಗಂಡನಿಗೂ ಮಕ್ಕಳಿಗೂ ಅದು ಯಾರ ಹೆಸರೋ ಅನಿಸುತ್ತಿತ್ತು. ಅವ್ವ ತೀರಿಕೊಂಡ ಮೇಲೆ ಆ ಹೆಸರು ಕರೆಯುವವರು ಯಾರೂ ಉಳಿಯಲಿಲ್ಲ. ನಾನು ಅದನ್ನು ಗಮನಿಸಿದ್ದೂ ತಡವಾಗಿ, ಅವ್ವನ ವರ್ಷದ ಕಾರ್ಯ ಮುಗಿದ ನಂತರ.

ಈಚೆಗೆ ಸಣ್ಣಾಯಿಗೆ ಮೊಮ್ಮಗಳು ಹುಟ್ಟಿದಳು. ತೊಟ್ಟಿಲ ಕಾರ್ಯಕ್ಕೆ ಫೋನ್ ಮಾಡಿ ಕರೆದಳು. ನನಗೆ ಇಬ್ಬರು ಗಂಡುಮಕ್ಕಳು, ಮೊಮ್ಮಕ್ಕಳೂ ಗಂಡೇ. ಹೆಣ್ಣು ಕೂಸು ಎಂದು ಕೇಳಿದ ಕ್ಷಣ ನನಗೆ ತಿಳಿದುಹೋಯಿತು: ಈಗ ಅವಳು ತನ್ನ ಹೆಸರನ್ನು ವಾಪಸು ತೆಗೆದುಕೊಳ್ಳುತ್ತಾಳೆ. ಹಿರೇಕೆರೂರಿನ ಬಸ್ಸಿನಲ್ಲಿ ಕುಳಿತು ದಾರಿಯುದ್ದಕ್ಕೂ ಅದನ್ನೇ ಅರೆದೆ. ಆಯಿಯ ಹೆಸರು ಆಧಾರ ಕಾರ್ಡಿನಿಂದ ಹಿಡಿದು ಎಲ್ಲ ಕಡೆ ನನ್ನದಾಗಿದೆ, ಕೊಡುವುದಾದರೆ ನಾನು ಕೊಡಬೇಕು, ಒಂದು ಮಾತು ಕೇಳಬೇಕಲ್ಲ ಇವಳು.

ಮಾಸೂರಿನ ಮನೆಯಲ್ಲಿ ಹೆಂಗಸರು ಹೋಳಿಗೆಯ ಹೂರಣ ರುಬ್ಬುತ್ತಿದ್ದರು. ಸಣ್ಣಾಯಿಯ ಸೊಸೆ ಕೂಸನ್ನು ತಂದು ನನ್ನ ತೊಡೆಯ ಮೇಲೆ ಹಾಕಿದಳು. ಹೆಸರು ಏನು ಇಡುತ್ತೀರಿ ಎಂದು ನಾನೇ ಕೇಳಿದೆ.

“ಅತ್ತಿಯಾರ ಹೆಸರ್ರಿ. ಹಳೇ ಹೆಸರು ಈಗ ಮತ್ತ ಬರಾಕತ್ತಾವು. ಶಾಂತಾ ಅಂತ ಇಡಾಕತ್ತೇವಿ,” ಅಂದಳು ಸೊಸೆ.

ಬಸ್ಸಿನಲ್ಲಿ ಹೊಂದಿಸಿಕೊಂಡು ಬಂದ ಮಾತು ಒಂದೂ ಉಪಯೋಗಕ್ಕೆ ಬರಲಿಲ್ಲ. ಕೂಸನ್ನು ಎತ್ತಿಕೊಂಡೇ ಹಿತ್ತಲಿಗೆ ಹೋದೆ. ಸಣ್ಣಾಯಿ ಒಬ್ಬಳೇ ಕುಳಿತು ಬಾಳೆಲೆ ಒರೆಸುತ್ತಿದ್ದಳು.

“ಶಾಂತಾ ಯಾಕ? ನಿನ್ನ ಹೆಸರು ನೀಲಗಂಗಾ ಅಲ್ಲೇನು?”

“ನಂದು ಶಾಂತಾ. ಶಾಲಿಗೆ ಹೋದ ದಿನದಿಂದ ಅದ ಬರದೇನಿ, ಅದಕ್ಕ ಓ ಅಂದೇನಿ.”

“ನಾ ಕಸಗೊಂಡಿದ್ದಕ್ಕ ಹಂಗಾತು.”

ಅವಳು ಎಲೆ ಒರೆಸುವುದನ್ನು ನಿಲ್ಲಿಸಿದಳು.

“ಎಲ್ಲಾರೂ ಹಂಗ ತಿಳಕೊಂಡ್ರು. ಮಾಸ್ತರು ಕೇಳಿದಾಗ ನನಗ ಬಾಯಿ ಇರಲಿಲ್ಲೇನು? ನಿಮ್ಮನ್ಯಾಗ ನನಗ ಯಾರೂ ಬೈತಿರಲಿಲ್ಲ ನೀಲಾ. ನಿಮ್ಮವ್ವ ನನ್ನ ಮುಂದ ಬಂದ್ರ ನೆಂಟರ ಮುಂದ ನಿಂತಂಗ ನಿಲ್ತಿದ್ಲು. ನಿನಗ ಎಷ್ಟು ಬೈತಿದ್ಲು! ಬೈದು, ಹೊಡದು, ಮತ್ತ ತಲಿ ಹಿಕ್ಕಿ ಹೆಣಲ ಹಾಕ್ತಿದ್ಲು. ನಾ ಕಂಬದ ಹಿಂದ ನಿಂತು ನೋಡ್ತಿದ್ದೆ. ಶಾಂತಾ ಅಂತ ಹೆಸರಿದ್ರ ನನಗೂ ಹಂಗ ಕರೀತಾಳ ಅಂತ ತಿಳಕೊಂಡಿದ್ದೆ. ಸಣ್ಣಾಕಿ ಇದ್ನೆಲ್ಲಾ, ತಿಳೀಲಿಲ್ಲ.”

“ಕರದ್ಲೇನು ಯಾವಾಗರ?”

“ಇಲ್ಲ. ಒಂದು ದಿನಾನೂ ಇಲ್ಲ.”

ಹಿತ್ತಲಿನಲ್ಲಿ ಕೂಸು ನನ್ನ ಸೆರಗನ್ನು ಬಾಯಿಗಿಟ್ಟುಕೊಂಡು ಚೀಪುತ್ತಿತ್ತು. ಇಷ್ಟು ವರ್ಷ ಇವಳು ನನ್ನ ಎದುರು ಗೆದ್ದವಳಂತೆ ಶಾಂತವಾಗಿದ್ದಾಳೆ ಎಂದುಕೊಂಡಿದ್ದೆ. ಅವಳಿಗೆ ಸಮಾಧಾನ ಹೇಳಬೇಕಿತ್ತು, ತಪ್ಪಾಯಿತು ಅನ್ನಬೇಕಿತ್ತು. ಆದರೆ ಬಾಯಿಂದ ಬಂದದ್ದು ನಿಜವೇ.

“ಸಣ್ಣಾಯಿ, ನನಗ ಈಗ ಹೊಟ್ಟಿ ಉರಿಯಾಕತ್ತೈತಿ. ಅದು ನನ್ನ ಹೆಸರು. ನಮ್ಮವ್ವ ಇಟ್ಟದ್ದು.”

ಅವಳು ನನ್ನನ್ನು ದಿಟ್ಟಿಸಿ ನೋಡಿ ನಕ್ಕಳು. ಹಲ್ಲು ಉದುರಿದ ಬಾಯಿ ತುಂಬ ನಕ್ಕಳು.

“ಉರೀಲಿ ಬಿಡು. ನನಗೂ ಉರದೈತಿ. ಕಿವ್ಯಾಗ ಹೆಸರು ನೀನ ಹೇಳಬೇಕು, ಅದಕ್ಕ ಕರಸೇನಿ.”

ತೊಟ್ಟಿಲ ಸುತ್ತ ಹೆಂಗಸರು ನೆರೆದರು. ನಾನು ಕೂಸಿನ ಮೇಲೆ ಬಾಗಿದೆ. ಪದ್ಧತಿಯಂತೆ ಹೆಸರು ಹೇಳುವವಳ ಬೆನ್ನಿಗೆ ಗುದ್ದಲು ಎಲ್ಲರೂ ಕೈ ಎತ್ತಿ ಕಾಯುತ್ತಿದ್ದರು. ಆಯಿಯ ಹೆಸರನ್ನು ಆ ಕಿವಿಯಲ್ಲಿ ಹೇಳಿಬಿಡುವ ಆಸೆ ಒಂದು ಗಳಿಗೆ ಬಂದದ್ದು ನಿಜ. ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತುಟಿಯನ್ನು ಕಿವಿಗೆ ಮುಟ್ಟಿಸಿ ಮೂರು ಸಲ ಶಾಂತಾ ಎಂದೆ. ಬೆನ್ನಿಗೆ ಗುದ್ದುಗಳು ಬಿದ್ದವು. ಎಲ್ಲಕ್ಕಿಂತ ಗಟ್ಟಿಯಾದ ಗುದ್ದು ಸಣ್ಣಾಯಿಯದು ಎಂದು ತಿರುಗಿ ನೋಡದೆಯೇ ತಿಳಿಯಿತು.

ಅಂದೇ ಸಂಜೆಯ ಬಸ್ಸಿಗೆ ಹಿಂದಿರುಗುವವಳಿದ್ದೆ. ಇರು ಎಂದಳು, ಮೂರು ದಿನ ಉಳಿದೆ. ಆ ಮೂರು ದಿನವೂ ಸೊಸೆ ಹಾಲುಣಿಸುವಾಗ ಬಿಟ್ಟರೆ ಕೂಸು ನನ್ನ ತೊಡೆಯ ಮೇಲೆಯೇ ಇತ್ತು. ಸಣ್ಣಾಯಿ ಎರಡು ಸಲ ಕೈ ಚಾಚಿದಳು. ನಾನು ಕೊಡಲಿಲ್ಲ.